ಹಳೇ ಬ್ಯಾಚಿನ ಗ್ರೂಪು: ಓದುಗರ ಪ್ರಶ್ನೆ, ನಮ್ಮ ಉತ್ತರ

ಊರಿನ ಹೈಸ್ಕೂಲು ಬಿಟ್ಟು ಇಪ್ಪತ್ತು ಮೂವತ್ತು ವರ್ಷವಾದ ಮೇಲೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮತ್ತೆ ಸೇರಿದವರ ಪತ್ರಗಳಿಗೆ ಈ ಸಲ ಜಾಗ. ಬರೆದವರಲ್ಲಿ ಹೆಚ್ಚಿನವರು ಅಡ್ಮಿನ್‌ಗಳೇ. ಕೆಲವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಎಲ್ಲರದ್ದೂ ಊರಷ್ಟೇ ಕೊಟ್ಟಿದ್ದೇವೆ.

ನಾವು 1992ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು. ಎರಡು ಸೆಕ್ಷನ್ ಸೇರಿ ಎಂಬತ್ತರ ಮೇಲಿದ್ದೆವು. ಗ್ರೂಪಿನಲ್ಲಿ ಸಿಕ್ಕಿರುವುದು 41 ಜನ, ಅದರಲ್ಲಿ ಹೆಣ್ಣುಮಕ್ಕಳು ಆರೇ ಆರು. ಉಳಿದವರನ್ನು ಹುಡುಕುವುದು ಹೇಗೆ? — ತಿಪಟೂರು

ಮೊದಲು ಹೆಸರಿನ ಪಟ್ಟಿ ಪೂರ್ತಿ ಮಾಡಿ, ನಂಬರ್ ಆಮೇಲೆ. ನೆನಪಿನಿಂದ ಪಟ್ಟಿ ಬರೆದರೆ ಮುಂದಿನ ಬೆಂಚಿನವರು, ಜಾಣರು, ಜಗಳಗಂಟರು ಮಾತ್ರ ಬರುತ್ತಾರೆ. ಶಾಲೆಯ ಅಡ್ಮಿಷನ್ ರಿಜಿಸ್ಟರ್ ಬೇಕು. 1992ರಲ್ಲಿ ಹತ್ತನೇ ತರಗತಿ ಮುಗಿಸಿದವರು ಎಂಟನೆಯದಕ್ಕೆ ಸೇರಿದ್ದು 1989ರ ಜೂನ್ ಆಸುಪಾಸು, ಆದ್ದರಿಂದ 1989–90ರ ಪುಟಗಳಿಂದ ಶುರು ಮಾಡಿ. ನಡುವೆ ವರ್ಗವಾಗಿ ಬಂದ ನೌಕರರ ಮಕ್ಕಳು ಮುಂದಿನ ಎರಡು ವರ್ಷದ ಪುಟಗಳಲ್ಲಿ ಸಿಗುತ್ತಾರೆ. ರಿಜಿಸ್ಟರಿನಲ್ಲಿ ಜಾತಿ, ಹುಟ್ಟಿದ ದಿನಾಂಕ ಎಲ್ಲ ಇರುವುದರಿಂದ ಪುಟದ ಫೋಟೊ ತೆಗೆಯಲು ಮುಖ್ಯ ಶಿಕ್ಷಕರು ಬಿಡಲಿಕ್ಕಿಲ್ಲ, ಬಿಡಲೂ ಬಾರದು. ಒಂದು ಅರ್ಜಿ ಕೊಟ್ಟು ಹೆಸರು, ತಂದೆಯ ಹೆಸರು, ಊರು ಇಷ್ಟನ್ನು ಕೈಯಲ್ಲಿ ಬರೆದುಕೊಳ್ಳುತ್ತೇವೆ ಎಂದು ಕೇಳಿ.

ಇಲ್ಲಿ ಒಂದು ಮಾತು ಮೊದಲೇ ತೀರ್ಮಾನವಾಗಲಿ. ಒಂಬತ್ತರಲ್ಲೇ ಶಾಲೆ ಬಿಟ್ಟವರು, ಹತ್ತರಲ್ಲಿ ಫೇಲಾದವರು ಬ್ಯಾಚಿಗೆ ಸೇರುತ್ತಾರೋ ಇಲ್ಲವೋ? ಸೇರುತ್ತಾರೆ ಎನ್ನುವುದೇ ನಮ್ಮ ಅಭಿಪ್ರಾಯ. ಸಾಮಾನ್ಯವಾಗಿ ಗ್ರೂಪಿನಲ್ಲಿ ಕಾಣದವರು ಅವರೇ. ಊರಲ್ಲೇ ಉಳಿದು ಉಳಿದವರ ಮನೆಮಠ ಗೊತ್ತಿರುವವರೂ ಅವರೇ. ‘1992ರ ಎಸ್ಸೆಸ್ಸೆಲ್ಸಿ ಬ್ಯಾಚ್’ ಎಂದು ಹೆಸರಿಡುವ ಬದಲು ‘1989ರ ಎಂಟನೇ ಕ್ಲಾಸು’ ಎಂದಿಟ್ಟರೆ ಯಾರಿಗೂ ಮುಜುಗರವಿಲ್ಲ.

ಪಟ್ಟಿಯನ್ನು ಹಳ್ಳಿವಾರು ಹರಿದು ಹಂಚಿ, ಒಂದು ಹಳ್ಳಿಗೆ ಒಬ್ಬರು. ಹೆಣ್ಣುಮಕ್ಕಳ ವಿಷಯದಲ್ಲಿ ದಾರಿ ಬೇರೆ. ಊರು ಬದಲಾಗಿರುತ್ತದೆ, ಇನಿಷಿಯಲ್ ಬದಲಾಗಿರುತ್ತದೆ, ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ತವರುಮನೆಯೇ ದಾರಿ. ಆದರೆ ಅಣ್ಣನಿಂದ ನಂಬರ್ ಪಡೆದು ನೇರ ಗ್ರೂಪಿಗೆ ಸೇರಿಸಿಬಿಡಬೇಡಿ. ಗ್ರೂಪಿಗೆ ಬಂದ ಕ್ಷಣವೇ ಅವರ ನಂಬರ್ ಎಲ್ಲರಿಗೂ ಕಾಣುತ್ತದೆ, ರಾತ್ರಿ ಹನ್ನೊಂದಕ್ಕೆ ‘ನೆನಪಿದೀನಾ’ ಎಂದು ಖಾಸಗಿ ಮೆಸೇಜು ಹಾಕುವವನು ಪ್ರತಿ ಬ್ಯಾಚಿನಲ್ಲೂ ಒಬ್ಬನಾದರೂ ಇರುತ್ತಾನೆ. ಗ್ರೂಪಿನಲ್ಲಿರುವ ಆರು ಜನರಲ್ಲಿ ಇಬ್ಬರನ್ನು ಅಡ್ಮಿನ್ ಮಾಡಿ. ತವರುಮನೆಗೆ ಅವರ ನಂಬರ್ ತಲುಪಲಿ, ಇಷ್ಟವಿದ್ದರೆ ಗೆಳತಿಯೇ ಕರೆ ಮಾಡಲಿ. ಆರು ಇಪ್ಪತ್ತಾಗುವುದು ಹೀಗೆಯೇ.

ಕೆಲವರು ‘ನನ್ನ ಕಾಂಟ್ಯಾಕ್ಟ್‌ನಲ್ಲಿ ಇರುವವರು ಮಾತ್ರ ನನ್ನನ್ನು ಗ್ರೂಪಿಗೆ ಸೇರಿಸಬಹುದು’ ಎಂದು ಸೆಟ್ಟಿಂಗ್ ಇಟ್ಟಿರುತ್ತಾರೆ. ಆಗ ಅಡ್ಮಿನ್‌ನಿಂದ ಅವರಿಗೆ ಖಾಸಗಿ ಆಹ್ವಾನ ಹೋಗುತ್ತದೆ, ಅದಕ್ಕೆ 3 ದಿನದ ಆಯುಸ್ಸು. ಎಷ್ಟೋ ಜನ ನೋಡುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಕಳಿಸಿದ ದಿನವೇ ಒಂದು ಫೋನ್ ಮಾಡಿ.

ಬೆಳಗಾದರೆ ಹೂವಿನ ಚಿತ್ರ, ಮಧ್ಯಾಹ್ನ ರಾಜಕೀಯ, ರಾತ್ರಿ ಮನೆಮದ್ದು. ಈ ಗದ್ದಲದಲ್ಲಿ ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿಯನ್ನು ಅರ್ಧ ಜನ ಮೂರು ದಿನದ ಮೇಲೆ ನೋಡಿದರು. — ಸಾಗರ

ಹರಟೆಯನ್ನೂ ಸುದ್ದಿಯನ್ನೂ ಬೇರೆ ಮಾಡಿ. ಹರಟೆಯನ್ನು ನಿಲ್ಲಿಸಲು ಹೋದರೆ ಗ್ರೂಪು ಸಾಯುತ್ತದೆ. ಹೊಸ ಚಾಟ್ ಗುಂಡಿ ಒತ್ತಿದರೆ ‘ನ್ಯೂ ಕಮ್ಯುನಿಟಿ’ ಎಂದಿರುತ್ತದೆ. ಕಮ್ಯುನಿಟಿ ಮಾಡಿ ಈಗಿನ ಗ್ರೂಪನ್ನು ಅದರೊಳಗೆ ಸೇರಿಸಿ (ಆ ಗ್ರೂಪಿನ ಅಡ್ಮಿನ್ ನೀವಾಗಿರಬೇಕು). ‘ಅನೌನ್ಸ್‌ಮೆಂಟ್ಸ್’ ಎಂಬ ಪ್ರಕಟಣೆ ಗ್ರೂಪು ತಾನಾಗಿ ಹುಟ್ಟುತ್ತದೆ, ಸದಸ್ಯರೆಲ್ಲ ತಾವಾಗಿ ಅದರಲ್ಲಿರುತ್ತಾರೆ. ಹೊಸ ಪ್ರಕಟಣೆ ಹಾಕಲು ಅಡ್ಮಿನ್‌ಗಳಿಗೆ ಮಾತ್ರ ಅವಕಾಶ. ಸಾವು, ಮದುವೆ, ಆಸ್ಪತ್ರೆ, ಸಭೆಯ ದಿನಾಂಕ ಈ ನಾಲ್ಕೇ ಅಲ್ಲಿ ಬರಲಿ. ಹರಟೆ ಗ್ರೂಪನ್ನು ಮ್ಯೂಟ್ ಮಾಡಿ, ಇದನ್ನು ಮಾಡಬೇಡಿ ಎಂದು ಎಲ್ಲರಿಗೂ ಹೇಳಿ. ತಿಂಗಳಿಗೆ ಐದಾರಕ್ಕಿಂತ ಹೆಚ್ಚು ಪ್ರಕಟಣೆ ಹಾಕಿದರೆ ಇದನ್ನೂ ಮ್ಯೂಟ್ ಮಾಡುತ್ತಾರೆ, ಎಚ್ಚರ.

ಫೋನು ತುಂಬುವುದಕ್ಕೆ ಕಾರಣ ತಾನಾಗಿ ಇಳಿಯುವ ಚಿತ್ರ, ವಿಡಿಯೊ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ‘ಮೀಡಿಯಾ ಆಟೊ ಡೌನ್‌ಲೋಡ್’ ಕೆಳಗಿನ ಟಿಕ್‌ಗಳನ್ನೆಲ್ಲ ತೆಗೆದುಬಿಡಿ. ಬೇಕಾದ ಚಿತ್ರವನ್ನು ಒತ್ತಿದಾಗ ಮಾತ್ರ ಇಳಿಯುತ್ತದೆ. ಆಂಡ್ರಾಯ್ಡ್ ಫೋನಿನವರಿಗೆ ಇನ್ನೊಂದು ಹೊರೆಯಿದೆ: ವಾಟ್ಸ್‌ಆ್ಯಪ್ ಬ್ಯಾಕಪ್ ಈಗ ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗದಲ್ಲೇ ಕೂರುತ್ತದೆ. ಅದು ತುಂಬಿದರೆ ಜಿಮೇಲ್‌ಗೆ ಪತ್ರ ಬರುವುದೂ ನಿಲ್ಲುತ್ತದೆ. ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಗುಂಡಿಯನ್ನು ಆಫ್ ಮಾಡಿ.

ಮನೆಮದ್ದಿನ ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಐದು ಅಥವಾ ಅದಕ್ಕೂ ಹೆಚ್ಚು ಸಲ ದಾಟಿ ಬಂದದ್ದು ಎಂದರ್ಥ. ‘ಎರಡು ಬಾಣದ್ದು ಬೇಡ’ ಎಂಬ ಒಂದೇ ಸಾಲಿನ ನಿಯಮ, ಒಂದು ಪುಟದ ನಿಯಮಾವಳಿಗಿಂತ ಚೆನ್ನಾಗಿ ನಡೆಯುತ್ತದೆ.

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಗೆಳೆಯರ ಪಟ್ಟಿಯನ್ನು ಗ್ರೂಪಿಗೆ ಹಾಕಿದರೆ ಏನೇನೋ ಅಕ್ಷರ ಬರುತ್ತವೆ. — ಕುಷ್ಟಗಿ

‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೆರೆಯಿರುವ ಎ, ನಡುನಡುವೆ ಪೌಂಡಿನ ಚಿಹ್ನೆ ಕಾಣುತ್ತಿದೆ ತಾನೆ? ಅಂಗಡಿಯವರು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಅದರಲ್ಲಿ ಕಂಪ್ಯೂಟರಿನ ಪಾಲಿಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸಿರುತ್ತದೆ. ಫೋನಿನಲ್ಲಿ ಆ ಫಾಂಟಿಲ್ಲ, ವೇಷ ಕಳಚುತ್ತದೆ. ಪಟ್ಟಿಯನ್ನು ಆಸ್ಕಿಯಿಂದ, ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ ಕೊಡಲು ಅಂಗಡಿಯವರಿಗೇ ಹೇಳಿ. ಬರೀ ನೋಡುವುದಕ್ಕಾದರೆ ಪಿಡಿಎಫ್ ಸಾಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಒಂದೊಂದಾಗಿ ಓದಿ. ‘ಸರ್ವಮಂಗಳ’, ‘ಪಾರ್ವತಿ’ ಇಂಥವು ಕೆಡುವುದು ಹೆಚ್ಚು.

ಪಟ್ಟಿಯನ್ನು ಗೂಗಲ್ ಶೀಟ್‌ನಲ್ಲಿ ಇಡುವುದಾದರೆ ನಂಬರಿನ ಕಾಲಮ್ಮನ್ನು ಮೊದಲೇ ‘ಪ್ಲೇನ್ ಟೆಕ್ಸ್ಟ್’ ಮಾಡಿ. ಇಲ್ಲದಿದ್ದರೆ ಮುಂದಿನ ಸೊನ್ನೆ, ಪ್ಲಸ್ ಚಿಹ್ನೆ ಹಾರಿಹೋಗುತ್ತವೆ. ತಿದ್ದುವ ಹಕ್ಕು ಇಬ್ಬರಿಗೆ ಸಾಕು.

ಬರುವ ಡಿಸೆಂಬರಿನಲ್ಲಿ ಗುರುವಂದನೆ ಇಟ್ಟುಕೊಂಡಿದ್ದೇವೆ. ಒಬ್ಬ ಗೆಳೆಯನ ಖಾತೆಗೆ ಎಲ್ಲರೂ ಹಣ ಹಾಕುತ್ತಿದ್ದಾರೆ. ಈಗಲೇ ಗೊಣಗಾಟ ಶುರುವಾಗಿದೆ. — ಸುಳ್ಯ

ಗೊಣಗಾಟಕ್ಕಿಂತ ಮೊದಲು ಆ ಗೆಳೆಯನ ಕಷ್ಟ ನೋಡಿ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಬಂದ ಉಡುಗೊರೆ ಹಣಕ್ಕೆ ಆದಾಯ ತೆರಿಗೆ ಇದೆ. ಇದು ಉಡುಗೊರೆಯಲ್ಲ, ಗೆಳೆಯರ ವಂತಿಗೆ ಎಂದು ತೋರಿಸಲು ಅವನ ಹತ್ತಿರ ಲೆಕ್ಕ, ರಸೀದಿ ಇರಬೇಕು. ಸಂಬಳದ ಖಾತೆಯಲ್ಲಿ ಬೆರೆತುಹೋದರೆ ಬಿಡಿಸುವುದು ತಲೆನೋವು. ಮೂವರ ಹೆಸರಿನಲ್ಲಿ ಜಂಟಿ ಉಳಿತಾಯ ಖಾತೆ ತೆರೆಯಿರಿ, ಹಣ ತೆಗೆಯಲು ಜಂಟಿ ಸಹಿ ಬೇಕೆಂದು ಬರೆಸಿ. ಇಂಥ ಖಾತೆಗೆ ಯುಪಿಐ ಹೊಂದಿಸಲು ಬ್ಯಾಂಕು ಒಪ್ಪುವುದಿಲ್ಲ, ಆದ್ದರಿಂದ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೊಟ್ಟು ಹಾಕಿಸಿಕೊಳ್ಳಿ. ಸ್ವಲ್ಪ ತ್ರಾಸ, ಆದರೆ ರಾತ್ರೋರಾತ್ರಿ ಯಾರೂ ಖರ್ಚು ಮಾಡುವಂತಿಲ್ಲ.

ಕೊಟ್ಟವರ ಹೆಸರಿನ ಮುಂದೆ ಮೊತ್ತ ಬರೆದು ಗ್ರೂಪಿಗೆ ಹಾಕುವುದೇ ಅರ್ಧ ಮನಸ್ತಾಪದ ಮೂಲ. 500 ಕೊಟ್ಟವನು 25,000 ಕೊಟ್ಟವನ ಕೆಳಗೆ ತನ್ನ ಹೆಸರು ನೋಡಿ ಸಭೆಗೇ ಬರುವುದಿಲ್ಲ. ಒಟ್ಟು ಎಷ್ಟು ಬಂತು, ಎಷ್ಟು ಜನರಿಂದ ಬಂತು, ಇಷ್ಟನ್ನು ವಾರಕ್ಕೊಮ್ಮೆ ಹಾಕಿ ಪಿನ್ ಮಾಡಿ (ಪಿನ್ 30 ದಿನದವರೆಗೆ ನಿಲ್ಲುತ್ತದೆ). ರಸೀದಿ ಅವರವರಿಗೆ ಖಾಸಗಿಯಾಗಿ ಹೋಗಲಿ. ಖರ್ಚಿನ ಲೆಕ್ಕ ಮಾತ್ರ ಬಿಲ್ಲಿನ ಫೋಟೊ ಸಮೇತ ಎಲ್ಲರಿಗೂ.

ಕಾರ್ಯಕ್ರಮ ಕೆಡುವುದು ಹೊತ್ತಿನಲ್ಲಿ. ಹದಿನಾಲ್ಕು ಮಂದಿ ಮೇಷ್ಟ್ರು, ಟೀಚರ್‌ಗಳು ಎಂದುಕೊಳ್ಳಿ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ, ಫೋಟೊ ಎಂದರೆ ಒಬ್ಬರಿಗೆ 4 ನಿಮಿಷ, ಅಲ್ಲಿಗೆ ಸುಮಾರು ಒಂದು ಗಂಟೆ. ಪ್ರತಿಯೊಬ್ಬರೂ ಐದು ನಿಮಿಷ ಮಾತಾಡಿದರೆ ಇನ್ನೂ 70 ನಿಮಿಷ. ಬೆಳಿಗ್ಗೆ 10ಕ್ಕೆ ಶುರುವಾದರೂ ಹನ್ನೆರಡೂವರೆಗೆ ಮುಗಿಯಬೇಕಾದರೆ ಉಳಿಯುವುದು ಇಪ್ಪತ್ತೇ ನಿಮಿಷ. ಹಾಗಾಗಿ ಅತಿಥಿಗಳ ಭಾಷಣ, ಶಾಸಕರ ಆಗಮನ, ಹಳೇ ವಿದ್ಯಾರ್ಥಿಗಳ ಅನಿಸಿಕೆ ಎಲ್ಲ ಊಟದ ಮೇಲೆ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ ಹಿರಿಯರನ್ನು ಎರಡು ಗಂಟೆಯವರೆಗೆ ಹಸಿದು ಕೂರಿಸಿದ ಗುರುವಂದನೆಗಳಿಗೆ ಲೆಕ್ಕವಿಲ್ಲ. ಬಂದ ಕೂಡಲೇ ಉಪ್ಪಿಟ್ಟು ಕಾಫಿ ಆಗಲಿ, ವೇದಿಕೆಗೆ ಮೆಟ್ಟಿಲು ಮೂರಕ್ಕಿಂತ ಹೆಚ್ಚಿದ್ದರೆ ಕುರ್ಚಿಗಳನ್ನು ಕೆಳಗೇ ಹಾಕಿ. ಮನೆಯಿಂದ ಕರೆತಂದು ಮನೆಗೆ ಬಿಡುವ ಕಾರು ಯಾರದು ಎಂಬುದು ಹೆಸರು ಸಮೇತ ಬರೆದಿರಲಿ. ಅಟೆಂಡರ್, ಗುಮಾಸ್ತರು ಬದುಕಿದ್ದರೆ ಅವರಿಗೂ ಅದೇ ಶಾಲು, ಅದೇ ಸಾಲು. ಸ್ಮರಣಿಕೆಯ ಮೇಲಿನ ಹೆಸರನ್ನು ಅವರ ಮನೆಯವರಿಗೇ ಓದಿಸಿ ಆಮೇಲೆ ಕೆತ್ತಿಸಿ.

ಅಮೆರಿಕದ ಪೌರತ್ವ ಪಡೆದ ಸಹಪಾಠಿ ಶಾಲೆಯ ಕಂಪ್ಯೂಟರ್ ಕೋಣೆಗೆ ಹಣ ಕೊಡುತ್ತೇನೆ ಎನ್ನುತ್ತಿದ್ದಾನೆ. ನಮ್ಮ ಹಳೇ ವಿದ್ಯಾರ್ಥಿಗಳ ಸಂಘ ಪಡೆಯಬಹುದೇ? — ಹೊನ್ನಾವರ

ಈಗಿನಂತೆ ಇಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈನಲ್ಲೋ ದೋಹಾದಲ್ಲೋ ಇರುವ ಗೆಳೆಯರು ತಮ್ಮ ದುಡಿಮೆಯ ಹಣ ಕೊಡಬಹುದು. ಪೌರತ್ವ ಬದಲಾಗಿದ್ದರೆ, ಒಸಿಐ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ) ಕಾರ್ಡು ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ, ಅದು ವಿದೇಶಿ ಹಣವನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ವಿದೇಶಿ ದೇಣಿಗೆ. ಆ ನೋಂದಣಿಯಾಗಲಿ ಸರ್ಕಾರದ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಊರಿನ ತಮ್ಮನ ಖಾತೆಗೆ ಹಾಕಿ ಅಲ್ಲಿಂದ ದಾಟಿಸೋಣ ಎನ್ನುವವರ ಮಾತಿಗೆ ಕಿವಿಗೊಡಬೇಡಿ, ಉತ್ತರ ಕೊಡಬೇಕಾದವರು ಸಂಘದ ಪದಾಧಿಕಾರಿಗಳು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು, ಅದು ಸುಲಭ. ಎಫ್‌ಸಿಆರ್‌ಎ ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ಆ ಅವಧಿಯಲ್ಲಿ 15 ಲಕ್ಷ ರೂಪಾಯಿಯ ಕೆಲಸ ಮಾಡಿದ ದಾಖಲೆ ಕೇಳುತ್ತಾರೆ. ಬ್ಯಾಚಿನ ಸಂಘಗಳಿಗೆ ಅದು ದೂರದ ಮಾತು.

ಗೆಳತಿಯ ನಂಬರಿನಿಂದ ‘ಅರ್ಜೆಂಟಾಗಿ 20,000 ಬೇಕು, ಸಂಜೆ ಕೊಡುತ್ತೇನೆ’ ಎಂದು ಹತ್ತಾರು ಜನಕ್ಕೆ ಮೆಸೇಜು ಬಂತು. ಇಬ್ಬರು ಹಾಕಿಯೂ ಬಿಟ್ಟರು. — ಚಳ್ಳಕೆರೆ

ಹಣ ಹಾಕಿದವರು ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಸಲು ಸಾಧ್ಯ, ಗಂಟೆಗಳ ಲೆಕ್ಕ ಅದು. ಅಡ್ಮಿನ್ ಆ ನಂಬರನ್ನು ತಕ್ಷಣ ಗ್ರೂಪಿನಿಂದ ತೆಗೆಯಲಿ, ಗೆಳತಿಯ ವಾಟ್ಸ್‌ಆ್ಯಪ್ ಕೈವಶ ಮಾಡಿಕೊಂಡ ಕಳ್ಳನು ಸದಸ್ಯರ ಪಟ್ಟಿ ನೋಡಿಕೊಂಡೇ ಒಬ್ಬೊಬ್ಬರಿಗೆ ಬರೆಯುತ್ತಿರುತ್ತಾನೆ.

ಗೆಳತಿ ತನ್ನ ಫೋನಿನಲ್ಲಿ ಮೊದಲು ##002# ಡಯಲ್ ಮಾಡಲಿ. ಕೊರಿಯರ್‌ನವರು ಎಂದು ಹೇಳಿ ಯಾವುದೋ ನಂಬರ್ ಒತ್ತಿಸಿ ಕರೆಗಳನ್ನು ತಮ್ಮತ್ತ ತಿರುಗಿಸಿಕೊಂಡಿದ್ದರೆ ಅದು ರದ್ದಾಗುತ್ತದೆ. ಆಮೇಲೆ ವಾಟ್ಸ್‌ಆ್ಯಪ್ ಮತ್ತೆ ಹಾಕಿ ತನ್ನ ನಂಬರಿನಿಂದ ನೋಂದಾಯಿಸಿ, ಎಸ್ಸೆಮ್ಮೆಸ್‌ನಲ್ಲಿ ಬಂದ ಆರಂಕಿ ಕೊಟ್ಟರೆ ಕಳ್ಳ ಹೊರಬೀಳುತ್ತಾನೆ. ಅವನು ಖಾತೆಗೆ ರಹಸ್ಯ ಪಿನ್ ಹಾಕಿಟ್ಟಿದ್ದರೆ ಪಿನ್ ಇಲ್ಲದೆ ಒಳಹೋಗಲು 7 ದಿನ ಕಾಯಬೇಕು, ಆದರೆ ಅವನಂತೂ ಅಷ್ಟರಲ್ಲಿ ಹೊರಗಿರುತ್ತಾನೆ. ಒಳಹೋದ ಮೇಲೆ ‘ಲಿಂಕ್ಡ್ ಡಿವೈಸಸ್’ ನೋಡಿ, ಗುರುತಿಲ್ಲದ್ದನ್ನು ತೆಗೆದು, ‘ಟೂ ಸ್ಟೆಪ್ ವೆರಿಫಿಕೇಷನ್’ ಪಿನ್ ಇಟ್ಟುಕೊಳ್ಳಲಿ. ಮುಂದೆ ಯಾರೇ ಹಣ ಕೇಳಿದರೂ ಮಾಮೂಲಿ ಫೋನ್ ಕರೆ ಮಾಡಿ ದನಿ ಕೇಳಿ. ಆಗಲೂ ಅನುಮಾನವಾದರೆ ಎಂಟನೇ ಕ್ಲಾಸಿನ ಕ್ಲಾಸ್ ಟೀಚರ್ ಯಾರು ಎಂದು ಕೇಳಿದರಾಯಿತು.

ಗ್ರೂಪಿನಲ್ಲಿ ಯಾರೋ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕೇ? — ಮೂಡಿಗೆರೆ

ಬೇರೆಯವರು ಹಾಕಿದ್ದಕ್ಕೆ ಬರೀ ಅಡ್ಮಿನ್ ಆಗಿದ್ದಾರೆಂಬ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಕುಮ್ಮಕ್ಕು ಕೊಟ್ಟರೆ ಮಾತು ಬೇರೆ. ಅಡ್ಮಿನ್‌ಗೆ ಯಾರ ಮೆಸೇಜನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯವಿದೆ, ಬೆಂಕಿ ಹಚ್ಚುವಂಥದ್ದು ಬಂದರೆ ಬಳಸಿ. ಅದಕ್ಕೆ ಎರಡು ದಿನದಷ್ಟೇ ಅವಧಿ.

ತೀರಿಕೊಂಡ ಗೆಳೆಯನ ನಂಬರ್ ಇನ್ನೂ ಗ್ರೂಪಿನಲ್ಲಿದೆ. ತೆಗೆಯಲು ಯಾರಿಗೂ ಮನಸ್ಸಿಲ್ಲ. — ಗೋಕಾಕ

ಫೋನು ಮನೆಯವರ ಕೈಯಲ್ಲಿದ್ದರೆ ಅವರು ಗ್ರೂಪು ಓದುತ್ತಿರುತ್ತಾರೆ ಎಂಬುದು ನೆನಪಿರಲಿ, ಅವನ ಬಗ್ಗೆ ಹಳೇ ತಮಾಷೆ ಹೇಳುವ ಮುನ್ನ ಯೋಚಿಸಿ. ಇರಲಿ ಎಂದು ಅವರೇ ಬಯಸಿದರೆ ಇರಲಿ. ಸಿಮ್ ನಿಂತುಹೋಗಿದ್ದರೆ ಮಾತ್ರ ತೆಗೆಯಲೇಬೇಕು. ನಿಷ್ಕ್ರಿಯವಾದ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಒಂದು ದಿನ ಆ ಹೆಸರಿನಿಂದಲೇ ಯಾರೋ ಅಪರಿಚಿತ ‘ಹಲೋ’ ಎಂದರೆ ಎಲ್ಲರ ಎದೆ ಧಸಕ್ಕೆನ್ನುತ್ತದೆ. ತೆಗೆಯುವ ಮುನ್ನ ಅವನು ಹಾಕಿದ ಫೋಟೊ, ದನಿಯ ಮೆಸೇಜುಗಳನ್ನು ಒಂದು ಫೋಲ್ಡರಿಗೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಮನೆಯವರಿಗೆ ಕೊಡಿ. ಗೆಳೆಯರ ಗ್ರೂಪಿಗೆ ಕಳಿಸಿದ ದನಿ ಮನೆಯವರ ಹತ್ತಿರ ಇರುವುದಿಲ್ಲ.