ಹಿಚ್‌ಕಾಕ್‌ಗಾಗಿ ಅಲ್ಲ, ಲಿಲಿ ಮಾರಿಸ್‌ಗಾಗಿ ನೋಡಿ

ನಿಮ್ಮ ಪತ್ರ ಓದಿದೆ. ನಮ್ಮ ಲೇಖನ ನೋಡಿ ‘ಎಲ್‌ಸ್ಟ್ರೀ ಕಾಲಿಂಗ್’ ಎಂಬ ಹಳೆಯ ಬ್ರಿಟಿಷ್ ಚಿತ್ರ ಹುಡುಕಿ ನೋಡಿದ್ದೀರಿ. ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್ ಹೆಸರಿದೆ ಅಂತ ಕೂತರೆ ಕತೆಯೇ ಇಲ್ಲ, ಕ್ಯಾಮೆರಾ ಕದಲುವುದೇ ಇಲ್ಲ, ಶೇಕ್ಸ್‌ಪಿಯರ್ ಅಣಕವೂ ಹಿಡಿಸಲಿಲ್ಲ, ಇಂಥದ್ದಕ್ಕೆ ಪುಟ ಯಾಕೆ ಎಂದು ಕೇಳಿದ್ದೀರಿ.

ಹಿಚ್‌ಕಾಕ್ ವಿಷಯ ಮೊದಲು ಮುಗಿಸೋಣ. 1930ರ ಈ ಚಿತ್ರದ ಮುಖ್ಯ ನಿರ್ದೇಶಕ ಏಡ್ರಿಯನ್ ಬ್ರೂನೆಲ್. ಹಿಚ್‌ಕಾಕ್ ಮಾಡಿದ್ದು ನಡುವೆ ಬರುವ ಕೆಲವು ತುಣುಕು ಮಾತ್ರ. ನಟ ಗಾರ್ಡನ್ ಹಾರ್ಕರ್ ಮನೆಯಲ್ಲಿ ಟಿವಿ ಕಾರ್ಯಕ್ರಮ ಹಿಡಿಯಲು ಒದ್ದಾಡುತ್ತಾನಲ್ಲ, ಅದು ಅವರದ್ದು. ಲಂಡನ್ನಿನಲ್ಲಿ ಟಿವಿಯ ಆವಿಷ್ಕಾರಕರಲ್ಲಿ ಒಬ್ಬರಾದ ಬೇರ್ಡ್ ಅವರ, ಬರೀ 30 ಗೆರೆಗಳಲ್ಲಿ ಚಿತ್ರ ಮೂಡಿಸುವ ಟಿವಿ ಪ್ರಸಾರ ಶುರುವಾಗಿ ಆಗಿನ್ನೂ ಕೆಲವೇ ತಿಂಗಳಾಗಿತ್ತು. ಅಂಥ ಹೊತ್ತಲ್ಲಿ ಇಡೀ ಚಿತ್ರವನ್ನೇ ಒಂದು ಟಿವಿ ಕಾರ್ಯಕ್ರಮದ ಹಾಗೆ ಕಟ್ಟಿದ್ದು ನನಗಂತೂ ಧೈರ್ಯದ ಯೋಚನೆ ಅನಿಸುತ್ತದೆ.

ಅಗ್ಗದ ಚಿತ್ರ, ಒಪ್ಪುತ್ತೇನೆ. 1927ರ ಕಾನೂನಿನ ಪ್ರಕಾರ ಥಿಯೇಟರುಗಳು ಇಂತಿಷ್ಟು ಬ್ರಿಟಿಷ್ ಚಿತ್ರ ತೋರಿಸಲೇಬೇಕಿತ್ತು, ಅದರ ಜೊತೆಗೆ ಹಾಲಿವುಡ್ ತನ್ನ ತಾರೆಗಳನ್ನು ಸಾಲಾಗಿ ನಿಲ್ಲಿಸಿ ಭಾರಿ ಖರ್ಚಿನ ರೆವ್ಯೂ ಚಿತ್ರ (ಕತೆಯಿಲ್ಲದೆ ಹಾಡು, ಕುಣಿತ, ಹಾಸ್ಯ ಪೋಣಿಸಿದ ಚಿತ್ರ) ಬಿಡುತ್ತಿತ್ತು. ಈ ಚಿತ್ರ ಮಾಡಿದ ಎಲ್‌ಸ್ಟ್ರೀ ಸ್ಟುಡಿಯೋದವರ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಇದ್ದದ್ದು ಮ್ಯೂಸಿಕ್ ಹಾಲ್‌ನ, ಅಂದರೆ ಹಾಡು-ಹಾಸ್ಯದ ಜನಪ್ರಿಯ ರಂಗಮಂದಿರಗಳ, ಕಲಾವಿದರು.

ನನಗೆ ಮುಖ್ಯವಾದದ್ದು ಅದೇ. ದಪ್ಪ ದೇಹದ ಟೆಡ್ಡಿ ಬ್ರೌನ್ ಝೈಲೋಫೋನ್ (ಕೋಲಿನಿಂದ ಬಾರಿಸುವ ಮರದ ಪಟ್ಟಿಗಳ ವಾದ್ಯ) ಮೇಲೆ ಎಷ್ಟು ಹಗುರವಾಗಿ ಕೈಯಾಡಿಸುತ್ತಾರೆ, ಗಮನಿಸಿದಿರಾ? ಲಿಲಿ ಮಾರಿಸ್ ಹಾಡು ಇನ್ನೊಮ್ಮೆ ನೋಡಿ. ಎಲ್ಲರ ಮದುವೆಯಲ್ಲೂ ವಧುವಿನ ಪಕ್ಕ ನಿಂತು ನಿಂತು ತನ್ನ ಮದುವೆಯೇ ಆಗದೆ ಉಳಿದ ಹೆಂಗಸಾಗಿ ಆಕೆ ಹಾಡುತ್ತಾರೆ, ಮುಖ ಕಿವುಚುತ್ತಾರೆ, ನಡುವಯಸ್ಸು ದಾಟುತ್ತಿದ್ದರೂ ಕಾಲೆತ್ತಿ ಕುಣಿಯುತ್ತಾರೆ. ಕ್ಯಾಮೆರಾ ಸುಮ್ನೆ ನಿಂತಿದ್ದಕ್ಕೇ ನಮಗೆ ಆಕೆಯ ಆಟ ಪೂರ್ತಿ ಸಿಕ್ಕಿದೆ! ಟಾಕಿ ಬಂದ ಮೇಲೆ ಆ ಹಾಲ್‌ಗಳು ಒಂದೊಂದಾಗಿ ಸಿನಿಮಾ ಮಂದಿರಗಳಾದವು. ಅಲ್ಲಿ ಮೆರೆದ ಎಷ್ಟೋ ಮಂದಿಯ ಒಂದು ನಿಮಿಷದ ಚಿತ್ರವೂ ಉಳಿದಿಲ್ಲ.

ಒಂದು ಮಾತಿಗೆ ಮಾತ್ರ ನಿಮ್ಮ ಕಡೆಯೇ ನಾನು. ಶೇಕ್ಸ್‌ಪಿಯರ್ ಅಣಕದ ಭಾಗ ನನಗೂ ಹಿಡಿಸಲಿಲ್ಲ. ಹಿಂದಿನ ವರ್ಷವಷ್ಟೇ ‘ಪಿಕಡಿಲಿ’ ಎಂಬ ಮೂಕಿ ಚಿತ್ರದಲ್ಲಿ ಕಣ್ಣಲ್ಲೇ ಇಡೀ ಚಿತ್ರ ಹೊತ್ತಿದ್ದ ನಟಿ ಅನ್ನಾ ಮೇ ವಾಂಗ್ ಅವರಿಗೆ, ಅದನ್ನು ಮಾಡಿದ್ದ ಅದೇ ಸಂಸ್ಥೆ ಈ ಅಣಕದಲ್ಲಿ ಕೊಟ್ಟದ್ದು ಅರಚಾಟ, ಎಸೆದಾಟ ಅಷ್ಟೇ. ಅವರಿಗೂ ಒಂದು ಹಾಡು ಕೊಡಬೇಕಿತ್ತು.