‘ಅಗ್ರಾ ವೇಶನ್’ ಎಂಬ ಜೀರುಂಡೆಯ ಹೆಸರಿನ ಅರ್ಥವೇನು?

ಎರಡೂ ಪದ ಕೂಡಿಸಿ ಜೋರಾಗಿ ಓದಿ: ‘ಅಗ್ರವೇಶನ್’. ಇಂಗ್ಲಿಷಿನಲ್ಲಿ ಹಾಗೆಂದರೆ ಕಿರಿಕಿರಿ. ‘ವೇಶನ್’ಗೆ ಬಿಡಿಯಾಗಿ ಅರ್ಥವಿಲ್ಲ, ಇರಬೇಕಾಗಿಯೂ ಇಲ್ಲ. ಪ್ರಾಣಿಗಳ ನಾಮಕರಣ ನಿಯಮದಂತೆ ಪದವಾಗಿ ಬಳಸಬಹುದಾದ ಯಾವುದೇ ಅಕ್ಷರಜೋಡಣೆ ಪ್ರಭೇದದ ಹೆಸರಾಗಬಹುದು. 1983ರಲ್ಲಿ ಹೀಗೆ ಹೆಸರಿಟ್ಟವರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಕೀಟವಿಜ್ಞಾನಿ ಟೆರ್ರಿ ಅರ್ವಿನ್.

‘ಅಗ್ರಾ’ ಎಂಬ ಕುಲನಾಮ (ಹತ್ತಿರದ ಪ್ರಭೇದಗಳ ಗುಂಪಿನ ಹೆಸರು) ಮಾತ್ರ ಹಳೆಯದು, ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ 1801ರಲ್ಲಿ ಕೊಟ್ಟದ್ದು. ಗ್ರೀಕಿನಲ್ಲಿ ಆ ಪದಕ್ಕೆ ಬೇಟೆ ಎಂಬ ಅರ್ಥವಿದೆ. ಇವು ನೆಲದ ಜೀರುಂಡೆಗಳ ಕುಟುಂಬದವಾದರೂ ಅಮೆರಿಕ ಖಂಡದ ಉಷ್ಣವಲಯದ ಮರಗಳ ಮೇಲೆ ವಾಸಿಸುತ್ತವೆ.

‘ಅಗ್ರಾ ಫೋಬಿಯಾ’ (ಬಯಲಿನ, ಜನಜಂಗುಳಿಯ ಭಯ ಎಂಬರ್ಥದ ‘ಅಗೊರಾಫೋಬಿಯಾ’ವನ್ನು ನೆನಪಿಸುವುದು), ‘ಅಗ್ರಾ ಕಡಾಬ್ರಾ’ (ಜಾದೂಗಾರರ ‘ಅಬ್ರಕಡಾಬ್ರ’ದಂತೆ) ಕೂಡ ಇದೇ ಬಗೆಯವು. ನನಗೆ ಹೆಚ್ಚು ತಟ್ಟಿದ್ದು 2002ರ ‘ಅಗ್ರಾ ಕೇಟ್‌ವಿನ್ಸ್‌ಲೆಟೆ’. ‘ಟೈಟಾನಿಕ್’ ಚಿತ್ರದಲ್ಲಿ ನಟಿ ಕೇಟ್ ವಿನ್ಸ್‌ಲೆಟ್ ವಹಿಸಿದ ನಾಯಕಿಯ ಪಾತ್ರ ಹಡಗಿನೊಂದಿಗೆ ಮುಳುಗಲಿಲ್ಲ; ಆದರೆ ಕಾಡು ಕಡಿದು ಹುಲ್ಲುಗಾವಲು ಮಾಡಿದರೆ ಈ ಜೀರುಂಡೆಗೆ ಆ ಭಾಗ್ಯವಿರದು ಎಂಬರ್ಥದಲ್ಲಿ ಅರ್ವಿನ್ ಬರೆದಿದ್ದರು.