ಓದುಗರ ಪ್ರಶ್ನೆ: ಬಾಯಿಗೆ ನೀರು ಬಿಡದ್ದು ತಪ್ಪಾಯಿತೇ?

ಪ್ರಶ್ನೆ: ಅಮ್ಮನಿಗೆ ಕರುಳಿನ ಕ್ಯಾನ್ಸರ್. ಕೊನೆಯ ಎರಡು ತಿಂಗಳು ಮನೆಯಲ್ಲೇ ಇದ್ದರು, ಪಂಚಾಯತಿನ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸ್ ಬಂದು ನೋಡುತ್ತಿದ್ದರು. ಕೊನೆಯ ಎರಡು ದಿನ ಒಂದು ಗುಟುಕೂ ನುಂಗಲಿಲ್ಲ. ಒಮ್ಮೆ ದೀರ್ಘ ಉಸಿರು, ಆಮೇಲೆ ಅರ್ಧ ನಿಮಿಷ ಏನೂ ಇಲ್ಲ, ಮತ್ತೆ ಉಸಿರು. ಗಂಟಲಲ್ಲಿ ಗೊರಗೊರ ಸದ್ದು. ನರ್ಸ್ ಹೇಳಿಕೊಟ್ಟಂತೆ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಪುಡಿಮಾಡಿ, ನಾಲ್ಕು ಹನಿ ನೀರಲ್ಲಿ ಕಲಸಿ ಕೆನ್ನೆಯ ಒಳಗೆ ಹಚ್ಚುತ್ತಿದ್ದೆ. ಬೆಳಗಿನ ಜಾವ 4ಕ್ಕೆ ಕೊಟ್ಟೆ, 5ಕ್ಕೆ ಅಮ್ಮ ಹೋದರು. ಉತ್ತರಕ್ರಿಯೆಗೆ ಬಂದ ಸೋದರಮಾವ, 'ಬಾಯಿಗೆ ನೀರೂ ಬಿಡದೆ ಕಳಿಸಿದಿರಿ' ಎಂದರು. ನಾನೇ ಕೊಂದೆನೇ?
– ಬದಿಯಡ್ಕದ ಓದುಗರು

ಉತ್ತರ: ಇಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ನೀವು ಬರೆದ ಲಕ್ಷಣಗಳನ್ನು ನೋಡಿಯೇ ಹೇಳುತ್ತಿದ್ದೇವೆ.

ಮೊದಲು ಮಾತ್ರೆ. ಸಾದಾ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ಹಾಗಿರುವಾಗ ಸಾವು ಯಾವ ಹೊತ್ತಿಗೆ ಬಂದರೂ ಯಾವುದಾದರೂ ಒಂದು ಮಾತ್ರೆಯಾಗಿ ನಾಲ್ಕು ಗಂಟೆಯೊಳಗೇ ಬರಬೇಕಷ್ಟೆ. ಕಾಗದದ ಜೊತೆ ನೀವು ಕಳಿಸಿದ ಚೀಟಿಯ ಪ್ರಕಾರ ಅಳತೆ 10 ಮಿಲಿಗ್ರಾಂ, ಆರು ವಾರದಿಂದ ಬದಲಾಗಿಲ್ಲ. ಅಷ್ಟು ದಿನದಲ್ಲಿ ಉಸಿರನ್ನು ಕುಗ್ಗಿಸುವ ಅದರ ಗುಣಕ್ಕೆ ಮೈ ಒಗ್ಗಿಹೋಗಿರುತ್ತದೆ. ಮಾರ್ಫಿನ್ ಹೆಚ್ಚಾದರೆ ಮೊದಲು ಕರೆದರೂ ಏಳದ ಮಂಪರು, ಆಮೇಲೆ ಉಸಿರು ಒಂದೇ ಸಮನೆ ನಿಧಾನವಾಗಿ ನಿಮಿಷಕ್ಕೆ ಏಳೆಂಟಕ್ಕಿಂತ ಕೆಳಗಿಳಿಯುತ್ತದೆ. ನಿಮ್ಮ ಅಮ್ಮನದು ಆ ಉಸಿರಲ್ಲ. ನಡುನಡುವೆ ನಿಂತು ಮತ್ತೆ ಬರುವ ಉಸಿರು ಎರಡು ದಿನ ಮೊದಲೇ ಶುರುವಾಗಿತ್ತು. ಮಾರ್ಫಿನ್ ಮುಟ್ಟದವರಲ್ಲೂ ಸಾವು ಹತ್ತಿರ ಬಂದಾಗ ಅದು ಕಾಣುತ್ತದೆ. 4ರ ಮಾತ್ರೆ ತಪ್ಪಿಸಿದ್ದರೆ ಅಮ್ಮ ನೋವಿನಲ್ಲಿ ಹೋಗಬೇಕಾಗುತ್ತಿತ್ತೇನೋ.

ಇನ್ನು ನೀರು. ನಮ್ಮಲ್ಲಿ ಸಾಯುವವರ ಬಾಯಿಗೆ ನೀರು ಬಿಡುವುದು ಬರೀ ನೀರಿನ ವಿಷಯವಲ್ಲ, ಋಣದ ವಿಷಯ. ಮಾವನ ಮಾತು ಅದಕ್ಕೇ ಅಷ್ಟು ಆಳಕ್ಕೆ ನಾಟಿದೆ. ಆದರೆ ಕೊನೆಯ ದಿನಗಳಲ್ಲಿ ನುಂಗುವ ಶಕ್ತಿಯೇ ಹೋಗಿರುತ್ತದೆ. ಚಮಚದಲ್ಲಿ ಹೊಯ್ದ ನೀರು ಹೊಟ್ಟೆಗಿಳಿಯದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಮ್ಮುವ ತ್ರಾಣವೂ ಇರುವುದಿಲ್ಲ. ಡ್ರಿಪ್ ಹಾಕಿಸಿದ್ದರೆ? ಮೂತ್ರಪಿಂಡ ಸೋತ ಮೈಯಲ್ಲಿ ಆ ನೀರು ಕಾಲಿಗೂ ಎದೆಗೂ ತುಂಬಿ ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ. ಆ ಹೊತ್ತಿಗೆ ಹಸಿವು ಬಾಯಾರಿಕೆ ಹೆಚ್ಚಿನವರಿಗೆ ಇರುವುದೇ ಇಲ್ಲ. ಬಾಯಿ ಒಣಗುವುದೊಂದೇ ತೊಂದರೆ, ಅದಕ್ಕೆ ಒದ್ದೆ ಹತ್ತಿಯಲ್ಲಿ ತುಟಿ, ನಾಲಿಗೆ, ಒಸಡು ಒರೆಸಬೇಕು. ಗಂಟೆಗೊಮ್ಮೆ ಅದನ್ನು ಮಾಡಿದ್ದಾಗಿ ನೀವೇ ಬರೆದಿದ್ದೀರಿ. ಬಾಯಿಗೆ ನೀರು ಬಿಟ್ಟವರು ನೀವೇ. ನರ್ಸನ್ನು ಒಮ್ಮೆ ಮನೆಗೆ ಕರೆದು, ಮಾವ ಇರುವಾಗ ಅವರ ಬಾಯಿಂದಲೇ ಇದನ್ನು ಹೇಳಿಸಿ. ಹಿರಿಯರಿಗೆ ನೀವು ಹೇಳಿದರೆ ಎದುರು ಮಾತಾದೀತು.

ಗೊರಗೊರ ಸದ್ದು ನುಂಗಲಾಗದ ಜೊಲ್ಲು ಗಂಟಲಲ್ಲಿ ನಿಂತು ಉಸಿರಿಗೆ ಅಲುಗುವ ಸದ್ದು. ನೋಡುವವರಿಗೆ ಎದೆ ಸೀಳುತ್ತದೆ, ಆದರೆ ಪ್ರಜ್ಞೆ ತಪ್ಪಿದ ರೋಗಿಗೆ ಉಸಿರುಗಟ್ಟಿದಂತೆ ಅನ್ನಿಸುವುದಿಲ್ಲ. ಮಗ್ಗುಲಿಗೆ ಮಲಗಿಸಿದರೆ ಸ್ವಲ್ಪ ತಗ್ಗುತ್ತದೆ.

ದಿನವೂ 4ಕ್ಕೆ ಎಚ್ಚರವಾಗುತ್ತದೆ ಎಂದಿದ್ದೀರಿ. ಎರಡು ತಿಂಗಳು ಆ ಹೊತ್ತಿಗೆ ಎದ್ದ ಮೈ ಇನ್ನೂ ಎಬ್ಬಿಸುತ್ತಿದೆ. ಮೊಬೈಲಿನಲ್ಲಿ ಹಳೆಯ ಅಲಾರಾಂ ಉಳಿದಿದ್ದರೆ ಅಳಿಸಿ. ಎಚ್ಚರವಾದಾಗ ಕತ್ತಲಲ್ಲಿ ಮಲಗಿ ಆ ರಾತ್ರಿಯನ್ನೇ ತಿರುವಿಹಾಕಬೇಡಿ. ಎದ್ದು ದೀಪ ಹಾಕಿ, ಚಾವಡಿಯಲ್ಲಿ ಕೂತು, ಕೊನೆಯ ಮೂರು ದಿನ ಯಾವ ಗಂಟೆಗೆ ಏನು ಮಾಡಿದಿರಿ ಎಂದು ಬರೆಯಿರಿ. ಬರೆದು ಓದಿದಾಗ ಮಾಡಿದ್ದೆಷ್ಟು ಎಂಬುದು ನಿಮಗೇ ಕಾಣುತ್ತದೆ.

ಪ್ರಶ್ನೆ: ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ತರುವಾಗ ತಲಪಾಡಿ ಗಡಿ ದಾಟಿದ ಮೇಲೆ ಅಪ್ಪ ಆಂಬುಲೆನ್ಸಿನಲ್ಲೇ ತೀರಿಕೊಂಡರು. ಮರಣ ನೋಂದಣಿ ಕರ್ನಾಟಕದಲ್ಲೋ ಕೇರಳದಲ್ಲೋ?
– ಉಪ್ಪಳದ ಓದುಗರು

ಉತ್ತರ: 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಮುಖ್ಯವಾಗುವುದು ಸಾವು ಎಲ್ಲಾಯಿತು ಎಂಬುದು, ಮನೆ ಎಲ್ಲಿದೆ ಎಂಬುದಲ್ಲ. ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರೆ ಮಂಗಳೂರಿನಲ್ಲಿ ಆಗಬೇಕಿತ್ತು, ತಿಳಿಸುವ ಹೊಣೆ ಆಸ್ಪತ್ರೆಯದು. ಓಡುವ ವಾಹನದಲ್ಲಿ ಆದರೆ ವಾಹನ ಮೊದಲು ನಿಂತ ಜಾಗದ ನೋಂದಣಿ ಕಚೇರಿ. ದಾರಿಯಲ್ಲೆಲ್ಲೂ ನಿಲ್ಲದೆ ನೇರ ಮನೆಗೆ ಬಂದಿದ್ದರೆ ಕೇರಳದ ನಿಮ್ಮ ಪಂಚಾಯತು. ಡಿಸ್ಚಾರ್ಜ್ ಚೀಟಿ, ಆಂಬುಲೆನ್ಸಿನ ರಸೀದಿ ಎರಡನ್ನೂ ಜೋಪಾನ ಮಾಡಿ.

ಅವಧಿ 21 ದಿನ. ಹದಿಮೂರನೇ ದಿನದ ಊಟ ಮುಗಿಯುವವರೆಗೆ ಯಾರೂ ಕಾಗದಕ್ಕೆ ಕೈಹಾಕುವುದಿಲ್ಲ, ಆಮೇಲೆ ಉಳಿಯುವುದು ಎಂಟೇ ದಿನ. 30 ದಿನದವರೆಗೆ ತಡ ಶುಲ್ಕ, ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ, ಅದೂ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ.

ಗಡಿನಾಡಿನವರು ಹೆಸರಿನ ಮೇಲೆ ವಿಶೇಷ ಕಣ್ಣಿಡಬೇಕು. ನಾರಾಯಣ ನಾರಾಯಣನ್ ಆದರೆ, ಕೃಷ್ಣ ಕೃಷ್ಣನ್ ಆದರೆ ಆಧಾರಿಗೂ ಪಾಸ್‌ಬುಕ್ಕಿಗೂ ತಾಳೆಯಾಗದೆ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ಮಲಯಾಳ ಓದಬಲ್ಲವರನ್ನು ಜೊತೆಗೆ ಕರೆದೊಯ್ದು, ಅಂತಿಮಗೊಳಿಸುವ ಮೊದಲೇ ಅಕ್ಷರ ಅಕ್ಷರ ನೋಡಿ. ಮುದ್ರಣವಾದ ಮೇಲೂ ನೋಂದಣಾಧಿಕಾರಿ ತಿದ್ದಬಲ್ಲರು, ಓಡಾಟ ಹೆಚ್ಚು ಅಷ್ಟೆ. ಇನ್ನೊಂದು ಮಾತು: ಅಪ್ಪನ ಎಟಿಎಂ ಕಾರ್ಡಿನಿಂದ ಇನ್ನು ಹಣ ತೆಗೆಯಬೇಡಿ, ಮನೆಯ ಖರ್ಚಿಗಾದರೂ ಸರಿ. ಮುಂದೆ ಅಣ್ಣತಮ್ಮಂದಿರ ಮನಸ್ಸು ಒಡೆಯಲು ಅಷ್ಟು ಸಾಕು.

ಪ್ರಶ್ನೆ: ಅಪ್ಪ ಹೋಗಿ 8 ತಿಂಗಳು. ದುಬೈಯಲ್ಲಿರುವ ತಮ್ಮ ಬರಲಾಗದೆ ವಿಡಿಯೋದಲ್ಲೇ ನೋಡಿದ. ಈಗ ರಜೆಯಲ್ಲಿ ಬಂದವನು ಅಪ್ಪನ ಕೋಣೆಗೆ ಕಾಲಿಡುವುದಿಲ್ಲ, ಹೆಸರೆತ್ತಿದರೆ ಎದ್ದು ಹೋಗುತ್ತಾನೆ. ಊಟ ನಿದ್ದೆ ಎರಡೂ ಇಲ್ಲ.
– ಮುಳ್ಳೇರಿಯದ ಓದುಗರು

ಉತ್ತರ: ದುಃಖಕ್ಕೆ ವಾಯಿದೆ ಇಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 6 ತಿಂಗಳು ಕಳೆದ ಮೇಲೂ ದಿನದ ಕೆಲಸ ಮಾಡಲಾಗದಷ್ಟು ತೀವ್ರವಾಗಿ ಉಳಿಯುವ ದುಃಖಕ್ಕೆ ಬೇರೆ ಹೆಸರೂ ಚಿಕಿತ್ಸೆಯೂ ಇದೆ. ಅಪ್ಪನಿಗೆ ಸಂಬಂಧಿಸಿದ್ದನ್ನೆಲ್ಲ ತಪ್ಪಿಸಿಕೊಳ್ಳುವುದು ಅದರ ಲಕ್ಷಣಗಳಲ್ಲೊಂದು. ರಜೆ ಮುಗಿಯುವ ಮೊದಲೇ ವೈದ್ಯರಿಗೆ ತೋರಿಸಿ. ಹೋಗಲು ಹಿಂಜರಿದರೆ ಊರಲ್ಲಿರುವಾಗಲೇ 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ ಮಾನಸ್ ಎಂಬ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಕೋಣೆಗೆ ಒಮ್ಮೆಲೇ ಎಳೆದೊಯ್ಯಬೇಡಿ. ಮೊದಲ ದಿನ ಬಾಗಿಲವರೆಗೆ, ಇನ್ನೊಂದು ದಿನ ಅಪ್ಪನ ಒಂದು ವಸ್ತುವನ್ನು ಅವನ ಕೈಗೆ ಕೊಡುವಷ್ಟು ಸಾಕು. 'ಬರಲಾಗಲಿಲ್ಲವಲ್ಲ' ಎಂದು ಅವನೇ ಬಾಯಿಬಿಟ್ಟರೆ ಮಧ್ಯೆ ಸಮಾಧಾನ ಹೇಳದೆ ಕೇಳಿ.

'ನಾನಿದ್ದು ಏನು' ಎಂಬಂಥ ಮಾತು ಬಂದರೆ ಮಾತ್ರ ಆ ದಿನವೇ ವೈದ್ಯರಲ್ಲಿಗೆ ಹೋಗಿ, ರಾತ್ರಿ ಒಬ್ಬನೇ ಮಲಗಲು ಬಿಡಬೇಡಿ. ತೋಟದ ಮದ್ದು, ಮೈಲುತುತ್ತು, ಅಪ್ಪನಿಗೆ ಕೊಡುತ್ತಿದ್ದ ಮಾತ್ರೆಗಳಲ್ಲಿ ಉಳಿದದ್ದು, ಎಲ್ಲಕ್ಕೂ ಬೀಗ ಹಾಕಿ ಕೀಲಿ ನೀವು ಇಟ್ಟುಕೊಳ್ಳಿ.

ಪ್ರಶ್ನೆ: ಅಮ್ಮನ ಮಾರ್ಫಿನ್, ಗಾಳಿ ಹಾಸಿಗೆ ಮನೆಯಲ್ಲೇ ಉಳಿದಿವೆ. ನೆರೆಮನೆಯವರಿಗೂ ಬೇಕಂತೆ, ಕೊಡಲೇ?
– ಪೆರ್ಲದ ಓದುಗರು

ಉತ್ತರ: ಹಾಸಿಗೆ ಪಾಲಿಯೇಟಿವ್ ಘಟಕದ್ದಾದರೆ ಅವರಿಗೇ ಮರಳಿಸಿ, ಒರೆಸಿ ಮುಂದಿನವರಿಗೆ ಕೊಡುತ್ತಾರೆ. ಮಾರ್ಫಿನ್ ಮಾತ್ರ ಯಾರಿಗೂ ಕೊಡಬೇಡಿ. ಅಮ್ಮನಿಗೆ ಒಗ್ಗಿದ ಅಳತೆ ಅಭ್ಯಾಸವಿಲ್ಲದವರ ಉಸಿರು ನಿಲ್ಲಿಸೀತು. ಮಾತ್ರೆ ಎಣಿಸಿ, ಚೀಟಿ ಸಮೇತ ಘಟಕಕ್ಕೆ ಒಪ್ಪಿಸಿ. ನೋವಿನ ಔಷಧವಿರುವ ಅಂಟುಪಟ್ಟಿ ಮೈಗೆ ಅಂಟಿಸುತ್ತಿದ್ದರೆ, ಬಳಸಿದ ಪಟ್ಟಿಯಲ್ಲೂ ಔಷಧ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಕಟ್ಟಿ ಅದನ್ನೂ ಕೊಡಿ.